ನೇತ್ರಾವತಿಯ ದೋಣಿ ಯಾರದು?

ಬಿ.ಸಿ.ರೋಡಿನಲ್ಲಿ ದಿನವೂ ಬಸ್ಸಿನಿಂದಿಳಿಯುವ ಸಹಸ್ರಾರು ಜನರಲ್ಲಿ ಆ ಹೆಸರನ್ನು ಬಿಡಿಸಿ ಹೇಳಬಲ್ಲವರು ಎಷ್ಟು ಮಂದಿಯೋ ನಾನರಿಯೆ. ‘ಬಂಟ್ವಾಳ ಕ್ರಾಸ್ ರೋಡ್’ ಎಂಬುದು ಜನರ ಬಾಯಲ್ಲಿ ಸವೆದು ಸವೆದು ಎರಡಕ್ಷರವೂ ಒಂದು ರೋಡೂ ಆಗಿ ಉಳಿದಿದೆ. ಮಂಗಳೂರಿನಿಂದ ಬಂದ ಹೆದ್ದಾರಿ ಇಲ್ಲಿ ಕವಲೊಡೆಯುತ್ತದೆ. ಒಂದು ಕವಲು ಬೆಳ್ತಂಗಡಿಯನ್ನು ಹಾದು ಚಾರ್ಮಾಡಿ ಘಾಟಿಯನ್ನು ಹತ್ತಿದರೆ, ಇನ್ನೊಂದು ಪಾಣೆಮಂಗಳೂರಿನಲ್ಲಿ ನೇತ್ರಾವತಿಯನ್ನು ದಾಟಿ ಶಿರಾಡಿಯ ಕಡೆಗೆ ನಡೆಯುತ್ತದೆ. ಈ ಕವಲೇ ಊರಾಗಿ ಬೆಳೆದು, ಕಚೇರಿ, ಕೋರ್ಟು, ಬಸ್ಸುನಿಲ್ದಾಣ, ರೈಲುನಿಲ್ದಾಣ ಎಲ್ಲವನ್ನೂ ತನ್ನ ಕಡೆಗೆ ಎಳೆದುಕೊಂಡಿತು. ಯಾವ ಊರಿನ ಹೆಸರನ್ನು ಹೊತ್ತು ಅದು ಹುಟ್ಟಿತೋ ಆ ಬಂಟ್ವಾಳ ಪೇಟೆ ಮಾತ್ರ ಹೊಳೆಯ ದಂಡೆಯಲ್ಲಿ, ಮನೆಯ ಹಿರಿಯ ಅಜ್ಜಿಯ ಹಾಗೆ, ಸುಮ್ಮನೆ ಕುಳಿತಿದೆ. ಬಿ.ಸಿ.ರೋಡು ರಸ್ತೆಗೆ ಹುಟ್ಟಿದ ಊರು. ಬಂಟ್ವಾಳ ಹೊಳೆಗೆ ಹುಟ್ಟಿದ ಊರು.

ಹೊಳೆಗೆ ಹುಟ್ಟಿದ ಊರು ಎಂದುದು ಬರಿಯ ಅಲಂಕಾರದ ಮಾತಲ್ಲ. ಘಟ್ಟದ ಮೇಲಿನ ಸರಕು ಎತ್ತಿನ ಮೇಲೂ ಗಾಡಿಯ ಮೇಲೂ ಇಳಿದುಬಂದು ದೋಣಿಗಳನ್ನು ಸೇರುತ್ತಿದ್ದ ಎಡೆ ಇದು. ಅಕ್ಕಿ, ಅಡಿಕೆ, ಕಾಫಿ ಇಲ್ಲಿಂದ ಮಂಗಳೂರಿನ ಬಂದರಕ್ಕೆ ತೇಲುತ್ತಿದ್ದುವು. ಬಂದರದಿಂದ ಉಪ್ಪು, ಒಣಮೀನು, ಬಟ್ಟೆ, ಮುಂದೆ ಸೀಮೆಎಣ್ಣೆ ಮೇಲಕ್ಕೆ ಬರುತ್ತಿದ್ದುವು. ೧೮೦೧ರಲ್ಲಿ ಫ್ರಾನ್ಸಿಸ್ ಬುಕಾನನ್ ಈ ಸೀಮೆಯನ್ನು ಸುತ್ತಿ ತನ್ನ ಪ್ರವಾಸದ ದಿನಚರಿಯನ್ನು ಬರೆದಾಗಲೂ, ೧೮೯೪ರಲ್ಲಿ ಸ್ಟರಕ್ ಸಾಹೇಬನ ದಕ್ಷಿಣ ಕನ್ನಡ ಮ್ಯಾನ್ಯುಅಲ್ ಅಚ್ಚಾದಾಗಲೂ ಈ ದಾರಿ ಜೀವಂತವಾಗಿತ್ತು. ೧೮೬೫ರಲ್ಲಿ ಬಾಸೆಲ್ ಮಿಶನ್ನಿನವರು ಮಂಗಳೂರಿನ ಜೆಪ್ಪುವಿನಲ್ಲಿ ಹಂಚಿನ ಕಾರ್ಖಾನೆಯನ್ನು ತೆರೆದ ಮೇಲೆ, ಹೊಳೆಯ ದೋಣಿಗಳಿಗೆ ಹೊಸ ಕೆಲಸವೊಂದು ದೊರೆಯಿತು. ಹಂಚಿಗೆ ಬೇಕಾದ ಜೇಡಿಮಣ್ಣು, ಒಲೆಗೆ ಬೇಕಾದ ಸೌದೆ, ಸುಟ್ಟು ತೆಗೆದ ಹಂಚು, ಎಲ್ಲಕ್ಕೂ ದೋಣಿಯೇ ವಾಹನ. ಪಂಜೆ ಮಂಗೇಶರಾಯರು ೧೮೭೪ರಲ್ಲಿ ಬಂಟ್ವಾಳದಲ್ಲಿ ಹುಟ್ಟಿದವರು. ಅವರು ಕಣ್ಣು ತೆರೆದು ಕಂಡ ಊರು ಇಂತಹ ಹೊಳೆಯೂರು ಎಂಬುದನ್ನು ನಾನು ತರಗತಿಯಲ್ಲಿ ಹುಡುಗರಿಗೆ ನೆನಪು ಮಾಡಿಕೊಡುವುದುಂಟು.

ಆದರೆ ಈ ಲೇಖನ ಪಂಜೆಯವರನ್ನು ಕುರಿತದ್ದಲ್ಲ. ಒಂದು ದೋಣಿಯನ್ನು ಕುರಿತದ್ದು. ಆ ದೋಣಿ ಯಾರದು ಎಂಬ ಪ್ರಶ್ನೆಗೆ ಐವತ್ತು ವರ್ಷಗಳಾದರೂ ನಮ್ಮ ಮನೆಯಲ್ಲಿ ಉತ್ತರ ದೊರೆತಿಲ್ಲ. ಆ ಉತ್ತರವನ್ನು ಹುಡುಕುತ್ತ ಹೋದವನಿಗೆ, ಇಷ್ಟೊಂದು ದೋಣಿಗಳಿದ್ದ ನಾಡಿನಲ್ಲಿ ದೋಣಿಯ ಒಡೆತನವನ್ನು ಬರೆದಿಡುವ ಪದ್ಧತಿ ಎಷ್ಟು ತಡವಾಗಿ ಬಂತು, ಏಕೆ ತಡವಾಯಿತು ಎಂಬ ದೊಡ್ಡ ಪ್ರಶ್ನೆಯೇ ಎದುರಾಯಿತು.

ಸಂಗತಿ ಹೀಗೆ. ನಮ್ಮ ಅಜ್ಜನಿಗೆ ಬಂಟ್ವಾಳ ಪೇಟೆಯಲ್ಲಿ ಒಂದು ಸಣ್ಣ ಅಂಗಡಿಯಿತ್ತು. ಅವರು ತೀರಿಹೋದ ಮೇಲೆ ಮನೆಯ ಅಟ್ಟದಲ್ಲಿ ಉಳಿದ ತಗಡಿನ ಪೆಟ್ಟಿಗೆಯನ್ನು ನಾನು ಕೆಲವು ವರ್ಷಗಳ ಹಿಂದೆ ಬಿಚ್ಚಿ ನೋಡಿದೆ. ಭೂಮಿಗೆ ಸಂಬಂಧಿಸಿದ ಕಾಗದಗಳು ಕಟ್ಟುಕಟ್ಟಾಗಿ ಇದ್ದುವು. ಮೂಲಗೇಣಿ ಚೀಟಿ, ತೀರ್ವೆ ರಶೀದಿ, ಅಡಂಗಲಿನ ನಕಲು, ಭಾಗಪತ್ರ—ಹತ್ತು ಸೆಂಟ್ಸು ಜಾಗಕ್ಕೆ ಹತ್ತು ಕಾಗದ. ಅವುಗಳ ಅಡಿಯಲ್ಲಿ ಒಂಟಿಯಾಗಿ ಒಂದು ಛಾಪಾ ಕಾಗದ. ೧೯೬೧ನೆಯ ಇಸವಿಯದು. ಹದಿನೆಂಟು ಕೋಲು ಉದ್ದದ, ನಾರಿನ ಹುರಿಯಿಂದ ಹೊಲಿದ ಒಂದು ದೋಣಿಯನ್ನು ಅಜ್ಜ ಕ್ರಯಕ್ಕೆ ಕೊಂಡುದಕ್ಕೆ ಅದು ಆಧಾರ. ಕೊಂಡವರ ಸಹಿ, ಕೊಟ್ಟವರ ಹೆಬ್ಬೆಟ್ಟು, ಇಬ್ಬರು ಸಾಕ್ಷಿಗಳು. ದೋಣಿಗೆ ಹೆಸರಿಲ್ಲ, ನಂಬರಿಲ್ಲ, ಯಾವ ಕಚೇರಿಯ ಮುದ್ರೆಯೂ ಇಲ್ಲ.

ಇದನ್ನು ನೋಡಿದಾಗ ನನಗೆ ಮೊದಲು ಹೊಳೆದುದು ನಮ್ಮ ಕಾನೂನಿನ ಒಂದು ವೈಚಿತ್ರ್ಯ. ನೆಲ ಅಲುಗಾಡುವುದಿಲ್ಲ, ಅದನ್ನು ಕದ್ದು ಒಯ್ಯುವಂತಿಲ್ಲ. ಆದರೂ ಅದಕ್ಕೆ ಸರ್ವೆ ನಂಬರು, ಗಡಿಕಲ್ಲು, ಸಬ್‌ರಿಜಿಸ್ಟ್ರಾರರ ಪುಸ್ತಕ. ಕೊಳ್ಳುವವನು ಹತ್ತಾರು ವರ್ಷಗಳ ಋಣಭಾರ ಪತ್ರವನ್ನು ತೆಗೆಸಿ, ಜಾಗ ಯಾರ ಕೈಯಿಂದ ಯಾರ ಕೈಗೆ ಬಂತು, ಯಾರ ಸಾಲಕ್ಕೆ ಅಡವಾಗಿತ್ತು ಎಂದು ತಿಳಿದುಕೊಳ್ಳಬಹುದು. ದೋಣಿಯಾದರೋ ರಾತ್ರಿ ಬೆಳಗಾಗುವಷ್ಟರಲ್ಲಿ ಹತ್ತು ಮೈಲಿ ಹೋಗಬಲ್ಲುದು. ಅದನ್ನು ಮಾರುವುದು ಮಾತ್ರ ಎಮ್ಮೆಯನ್ನು ಮಾರಿದಷ್ಟೇ ಸುಲಭ. ಕೊಟ್ಟ ಹಣ, ಬಿಚ್ಚಿಕೊಟ್ಟ ಹಗ್ಗ, ಅಷ್ಟೇ. ಚರಸ್ವತ್ತು ಎಂಬ ಒಂದೇ ಮಾತಿನಲ್ಲಿ ಕಾನೂನು ಅದನ್ನು ಪಾತ್ರೆಪಗಡದ ಸಾಲಿನಲ್ಲಿ ಕೂರಿಸಿಬಿಟ್ಟಿತ್ತು.

ಹಾಗೆಂದು ನಮ್ಮ ಕಡಲಿಗೆ ಕಾಗದದ ಪರಿಚಯವೇ ಇರಲಿಲ್ಲ ಎನ್ನುವಂತಿಲ್ಲ. ತಮಿಳಿನ ಪಡಗು, ನಮ್ಮ ಹಡಗು, ತುಳುವಿನ ಪಡಾವು ಮೂರೂ ಒಂದೇ ಬಳ್ಳಿಯ ಕಾಯಿಗಳು. ನಡುವೆ ಪಕಾರವು ಹಕಾರವಾದುದು ಕನ್ನಡದ ವಿದ್ಯಾರ್ಥಿಗಳೆಲ್ಲ ಬಲ್ಲ ಸಂಗತಿ. ಮಾತು ಅಷ್ಟು ಹಳೆಯದಾದರೆ ವ್ಯಾಪಾರವೂ ಅಷ್ಟೇ ಹಳೆಯದು. ಹದಿನಾರನೆಯ ಶತಮಾನದ ಆರಂಭದಲ್ಲಿ ಈ ಕಡಲಿಗೆ ಬಂದ ಪೋರ್ತುಗೀಸರು ಮೊತ್ತಮೊದಲಾಗಿ ಇಲ್ಲಿಯ ಹಡಗುಗಳಿಗೆ ರಹದಾರಿಯನ್ನು ಕಡ್ಡಾಯ ಮಾಡಿದರು. ‘ಕಾರ್ತಾಜ್’ ಎಂದು ಅದರ ಹೆಸರು. ಹಡಗಿನ ಹೆಸರು, ಅದರ ನಾಯಕ, ಹೊತ್ತ ಸರಕು, ಇಟ್ಟ ಆಯುಧ, ಹೋಗುವ ಬಂದರು ಇವನ್ನೆಲ್ಲ ಅದರಲ್ಲಿ ಬರೆಯಬೇಕು. ಹಣ ಕೊಟ್ಟು ಅದನ್ನು ಪಡೆಯದ ಹಡಗು ಕಡಲಿನಲ್ಲಿ ಸಿಕ್ಕರೆ ಸುಲಿಗೆಗೆ ಒಳಗಾಗುತ್ತಿತ್ತು. ನೇತ್ರಾವತಿಯ ಅಳಿವೆಯ ದಕ್ಷಿಣಕ್ಕಿರುವ ಉಳ್ಳಾಲದ ಅಬ್ಬಕ್ಕ ರಾಣಿಯರ ಹೆಸರು ಪೋರ್ತುಗೀಸರ ಈ ಅಧಿಕಾರವನ್ನು ಎದುರಿಸಿದವರ ಸಾಲಿನಲ್ಲಿ ಇಂದಿಗೂ ನಿಂತಿದೆ. ಇದರಲ್ಲಿ ಗಮನಿಸಬೇಕಾದ ಮಾತೊಂದುಂಟು. ಕಾರ್ತಾಜು ಹಡಗಿನ ಒಡೆಯನನ್ನು ರಕ್ಷಿಸುವುದಕ್ಕೆ ಹುಟ್ಟಿದ್ದಲ್ಲ. ಅವನನ್ನು ಹಿಡಿದಿಡುವುದಕ್ಕೆ ಹುಟ್ಟಿದ್ದು. ದೋಣಿಯ ಕಾಗದವೆಂದರೆ ನಮ್ಮ ಕರಾವಳಿಯ ಜನರಿಗೆ ಒಳಗೊಳಗೇ ಇರುವ ಅಂಜಿಕೆ ಅಂದಿನಿಂದ ಬಂದುದೇ ಇರಬಹುದೇ ಎಂದು ಒಮ್ಮೊಮ್ಮೆ ನನಗನ್ನಿಸುತ್ತದೆ.

ಇಂಗ್ಲಿಷರ ಕ್ರಮ ಬೇರೆ. ಅವರು ವರ್ತಕರ ಜನ. ಹಡಗನ್ನು ಅಡವಿಟ್ಟು ಸಾಲ ತೆಗೆಯಬಲ್ಲವರು. ಆದುದರಿಂದ ಒಡೆಯನಾರು, ಸಾಲಗಾರನಾರು ಎಂಬುದು ಪುಸ್ತಕದಲ್ಲಿ ಕಾಣಲೇಬೇಕೆಂದು ಬಯಸಿದರು. ಅವರ ಕಾನೂನಿನಲ್ಲಿ ಒಂದು ಹಡಗು ಎಂದರೆ ೬೪ ಪಾಲು. ಹತ್ತು ಪಾಲು ಒಬ್ಬನದು, ಇಪ್ಪತ್ತು ಇನ್ನೊಬ್ಬನದು ಎಂದು ಹಂಚಿಕೊಳ್ಳಬಹುದು, ಪಾಲನ್ನು ಮಾರಬಹುದು, ಅಡವಿಡಬಹುದು, ಎಲ್ಲವೂ ದಾಖಲೆಯಾಗಬೇಕು. ಈ ಮಾದರಿಯನ್ನು ಅವರು ಇಲ್ಲಿಗೂ ತಂದರು. ಮುಂಬಯಿ ಕಡೆಯ ಕರಾವಳಿ ಹಡಗುಗಳಿಗಾಗಿ ೧೮೩೮ರಲ್ಲಿ ಒಂದು ಕಾಯಿದೆ, ಹಡಗುಗಳ ನೋಂದಣಿಗಾಗಿ ೧೮೪೧ರಲ್ಲಿ ಇನ್ನೊಂದು ಕಾಯಿದೆ ಬಂದುವು. ಆದರೆ ಇವೆಲ್ಲ ಕಡಲಿನ ಮಾತು. ಬಂದರದ ಮಂಜಿಗೂ ಮಚ್ವೆಗೂ ಪತ್ತೆಮಾರಿಗೂ ಈ ಪುಸ್ತಕಗಳಲ್ಲಿ ಸ್ಥಳ ದೊರೆಯುವಂತಾಯಿತು. ಅಳಿವೆಯಿಂದ ಒಳಗೆ, ಸಿಹಿನೀರಿನಲ್ಲಿ ಗಳವನ್ನೂರಿ ಸಾಗುವ ಹೊಳೆಯ ದೋಣಿಯನ್ನು ಕೇಳುವವರು ಯಾರು?

ಒಳನಾಡಿನ ನೀರಿಗೆ ಸಂಬಂಧಿಸಿ ಎರಡು ಕಾಯಿದೆಗಳನ್ನು ಇಲ್ಲಿ ಹೇಳಬೇಕು. ಮೊದಲನೆಯದು ೧೮೯೦ರ ಮದರಾಸು ಕಾಲುವೆ ಮತ್ತು ಸಾರ್ವಜನಿಕ ಕಡವುಗಳ ಕಾಯಿದೆ. ೧೮೬೨ರಲ್ಲಿ ಕೆನರಾ ಜಿಲ್ಲೆಯ ಉತ್ತರ ಭಾಗ ಮುಂಬಯಿ ಪ್ರಾಂತಕ್ಕೆ ಹೋಗಿ, ದಕ್ಷಿಣ ಭಾಗ ಮದರಾಸಿನಲ್ಲಿಯೇ ಉಳಿದುದರಿಂದ ನಮಗೆ ಅನ್ವಯಿಸಿದುದು ಮದರಾಸಿನ ಕಾಯಿದೆ. ಸರಕಾರ ಹೆಸರಿಸಿ ಸಾರಿದ ಜಲಮಾರ್ಗಗಳನ್ನೂ ಕಡವುಗಳನ್ನೂ ಅದು ನಿಯಂತ್ರಿಸಿತು. ಕಡವನ್ನು ಗುತ್ತಿಗೆಗೆ ಕೊಡುವುದು, ದಾಟಿಸುವ ಕೂಲಿಯನ್ನು ಗೊತ್ತುಮಾಡುವುದು ಇದರ ಮುಖ್ಯ ಕೆಲಸ. ಎರಡನೆಯದು ೧೯೧೭ರ ಒಳನಾಡ ನೌಕೆಗಳ ಕಾಯಿದೆ. ಇದು ಹುಟ್ಟಿದ್ದೇ ಉಗಿಯಂತ್ರದ ದೋಣಿಗಳಿಗಾಗಿ. ಗಂಗೆ, ಬ್ರಹ್ಮಪುತ್ರೆಗಳಲ್ಲಿ ಓಡಾಡುತ್ತಿದ್ದ ದೊಡ್ಡ ಸ್ಟೀಮರುಗಳು ಅದರ ಕಣ್ಣ ಮುಂದೆ ಇದ್ದುವು. ಯಂತ್ರವಿದ್ದರೆ ನೋಂದಣಿ, ತಪಾಸಣೆ, ಸರ್ಟಿಫಿಕೇಟು. ಯಂತ್ರವಿಲ್ಲದಿದ್ದರೆ ಕಾಯಿದೆಗೆ ಆ ದೋಣಿ ಕಾಣುವುದೇ ಇಲ್ಲ.

ಈಗ ಅಜ್ಜನ ದೋಣಿಯನ್ನು ಈ ಕಾಯಿದೆಗಳ ನಡುವೆ ಇಟ್ಟು ನೋಡಿರಿ. ಅದು ಕಡಲಿಗಿಳಿಯದು; ಆದುದರಿಂದ ಹಡಗಲ್ಲ. ಅದರಲ್ಲಿ ಯಂತ್ರವಿಲ್ಲ, ಆದುದರಿಂದ ೧೯೧೭ರ ಕಾಯಿದೆಯ ನೌಕೆಯಲ್ಲ. ಅದು ಜನರನ್ನು ದಾಟಿಸದು. ಆದುದರಿಂದ ಕಡವಿನ ದೋಣಿಯಲ್ಲ. ಮಣ್ಣು, ಸೌದೆ, ಹಂಚು ಹೊತ್ತು ಪಾಣೆಮಂಗಳೂರಿಗೂ ಮಂಗಳೂರಿಗೂ ನಡುವೆ ಓಡಾಡುತ್ತಿದ್ದ ಹದಿನೆಂಟು ಕೋಲಿನ ಆ ದೋಣಿ ಎರಡು ಸಂಸಾರಗಳಿಗೆ ಅನ್ನ ಕೊಡುತ್ತಿತ್ತು. ಸರಕಾರದ ಯಾವ ಪುಸ್ತಕಕ್ಕೂ ಅದರ ಪರಿಚಯವಿರಲಿಲ್ಲ.

ಎರಡು ಸಂಸಾರ ಎಂದೆ. ಕ್ರಯಚೀಟಿಯಲ್ಲಿ ಅಜ್ಜನ ಹೆಸರು ಮಾತ್ರ ಇತ್ತು; ಆದರೆ ಅಜ್ಜನ ದಿನವಹಿ ಪುಸ್ತಕವನ್ನು ಮಗುಚಿದಾಗ ಬೇರೆಯೇ ಲೆಕ್ಕ ಕಂಡಿತು. ಬಂದ ಬಾಡಿಗೆಯಲ್ಲಿ ಹುರಿಯ ಖರ್ಚು, ಎಣ್ಣೆಯ ಖರ್ಚು, ಆಚಾರಿಯ ಕೂಲಿ ಕಳೆದು ಉಳಿದುದು ಅರ್ಧರ್ಧ. ಒಂದರ್ಧ ಹಣ ಹಾಕಿದ ಅಜ್ಜನಿಗೆ; ಇನ್ನೊಂದರ್ಧ ದೋಣಿಯನ್ನು ನಡೆಸುತ್ತಿದ್ದ ಪಾಣೆಮಂಗಳೂರಿನ ಬ್ಯಾರಿ ಗೃಹಸ್ಥರಿಗೆ. ದೋಣಿಯ ದುರಸ್ತಿಗೂ ಇಬ್ಬರೂ ಸಮವಾಗಿ ಹಾಕಿದ್ದಾರೆ. ಎಂದ ಮೇಲೆ ಅವರು ಕೂಲಿಯ ಆಳಲ್ಲ; ಪಾಲುಗಾರರು. ಕರಾವಳಿಯಲ್ಲಿ ಇದು ಅಪರೂಪದ ಮಾತೇನಲ್ಲ. ರಂಪಣಿಯ ಬಲೆಯಲ್ಲಿ ಹಲವರ ಬಲೆಯ ತುಂಡುಗಳು ಒಂದಾಗಿ ಸೇರುತ್ತಿದ್ದುವು. ಸಿಕ್ಕಿದ ಮೀನು ಬಲೆಗೆಷ್ಟು, ದೋಣಿಗೆಷ್ಟು, ಜನಕ್ಕೆಷ್ಟು ಎಂದು ಪಾಲಾಗುತ್ತಿತ್ತು. ಪಾಲು ಎಂಬುದು ಇಲ್ಲಿ ಬಾಯಿಮಾತಿನ ಆಸ್ತಿ. ಅದಕ್ಕೆ ಸಾಕ್ಷಿ ದಿನದ ದುಡಿಮೆ.

೧೯೭೪ರ ಮಳೆಗಾಲದಲ್ಲಿ ನೇತ್ರಾವತಿಗೆ ದೊಡ್ಡ ನೆರೆ ಬಂತು. ಬಂಟ್ವಾಳದಲ್ಲಿ ನೆರೆಯ ಮಾತು ಬಂದರೆ ಹಿರಿಯರು ೧೯೨೩ ಮತ್ತು ೧೯೭೪ ಎಂದು ಎರಡು ಇಸವಿಗಳನ್ನು ಹೇಳುತ್ತಾರೆ. ಪೇಟೆಯೊಳಗೆ ನೀರು ನುಗ್ಗಿತು. ಮರಗಳು, ದನಗಳು, ಮನೆಯ ಮಾಡುಗಳು ತೇಲಿಹೋದುವು. ದಂಡೆಗೆ ಕಟ್ಟಿದ್ದ ದೋಣಿಯೂ ಹಗ್ಗ ಕಡಿದುಕೊಂಡು ಹೋಯಿತು. ನೀರಿಳಿದ ಮೇಲೆ, ಫರಂಗಿಪೇಟೆಯಿಂದಲೂ ಕೆಳಗೆ, ಒಂದು ತೆಂಗಿನ ತೋಟದಲ್ಲಿ ಹದಿನೆಂಟು ಕೋಲಿನ ದೋಣಿಯೊಂದು ಒರಗಿಕೊಂಡಿದೆ ಎಂಬ ಸುದ್ದಿ ಬಂತು. ಅಜ್ಜ ಅಲ್ಲಿಗೆ ಹೋಗುವಷ್ಟರಲ್ಲಿ, ಅದು ತನ್ನದೆಂದು ಇನ್ನೊಬ್ಬರು ಅಲ್ಲಿ ನಿಂತಿದ್ದರು. ಅವರದೂ ಅಷ್ಟೇ ಉದ್ದದ ದೋಣಿ ಅದೇ ನೆರೆಯಲ್ಲಿ ಹೋಗಿತ್ತು. ಅವರು ಮೋಸಗಾರರೆಂದು ಅಜ್ಜ ಒಂದು ದಿನವೂ ಹೇಳಿದ್ದಿಲ್ಲ, ನಾನೂ ಹೇಳಲಾರೆ.

ಊರ ಹಿರಿಯರು ನಾಲ್ಕು ಮಂದಿ ಸೇರಿ ಪಂಚಾಯತಿಗೆ ಮಾಡಿದರು. ಅಜ್ಜ ಛಾಪಾ ಕಾಗದವನ್ನು ತೋರಿಸಿದರು. ಅದರಲ್ಲಿ ಬರೆದುದು ಹದಿನೆಂಟು ಕೋಲು. ಒರಗಿದ್ದ ದೋಣಿಯೂ ಹದಿನೆಂಟು ಕೋಲು. ಎದುರಿನವರು ಹೇಳಿದ ಲೆಕ್ಕವೂ ಹದಿನೆಂಟು ಕೋಲು. ಕೊಂಡು ಹದಿಮೂರು ವರ್ಷಗಳಾಗಿದ್ದುವು. ಅಷ್ಟರಲ್ಲಿ ಹಲಗೆಗಳೆಷ್ಟೋ ಬದಲಾಗಿದ್ದುವು, ಹೊಲಿಗೆ ಎಷ್ಟೋ ಸಲ ಹೊಸದಾಗಿತ್ತು. ಕಾಗದದಲ್ಲಿದ್ದ ದೋಣಿಗೂ ಕಣ್ಣೆದುರಿಗಿದ್ದ ದೋಣಿಗೂ ಗಂಟುಹಾಕುವ ಒಂದೇ ಒಂದು ಗುರುತಿರಲಿಲ್ಲ. ಕಾಗದ ಸೋತಲ್ಲಿ ತುಳುನಾಡಿನಲ್ಲಿ ಉಳಿಯುವುದು ಆಣೆ. ಆಣೆ ಹಾಕುತ್ತೀರಾ ಎಂದು ಹಿರಿಯರು ಕೇಳಿದರು. ಎದುರಿನವರು ಸಿದ್ಧರಿದ್ದರು. ಅಜ್ಜ ಹಿಂದೆ ಸರಿದರು. ದೋಣಿ ತನ್ನದೆಂದು ಮನಸ್ಸು ಹೇಳುತ್ತದೆ, ಆದರೆ ಮನಸ್ಸು ಹೇಳಿದುದಕ್ಕೆಲ್ಲ ದೇವರನ್ನು ಸಾಕ್ಷಿಗೆ ಕರೆಯಲಾರೆ ಎಂದರಂತೆ. ದೋಣಿ ಹೋಯಿತು. ನಮ್ಮ ಮನೆಯಲ್ಲಿ ಈ ಕತೆಯನ್ನು ಅಜ್ಜನ ಸತ್ಯನಿಷ್ಠೆಯ ಕತೆಯೆಂದು ಹೇಳುತ್ತ ಬಂದಿದ್ದೇವೆ. ನಾನೂ ಹಾಗೆಯೇ ನಂಬಿಕೊಂಡಿದ್ದೆ.

ಪೆಟ್ಟಿಗೆಯ ಕಾಗದವನ್ನು ನೋಡಿದ ಮೇಲೆ ಆ ಬ್ಯಾರಿ ಗೃಹಸ್ಥರ ಮಗನನ್ನು ಹುಡುಕಿಕೊಂಡು ಪಾಣೆಮಂಗಳೂರಿಗೆ ಹೋದೆ. ಈಗ ಎಪ್ಪತ್ತು ದಾಟಿದ ವಯಸ್ಸು. ‘ಬನ್ನಿ ಮಾಷ್ಟ್ರೇ’ ಎಂದು ಒಳಗೆ ಕೂರಿಸಿ ಚಹಾ ಕೊಟ್ಟರು. ನಾನು ಕಾಕ ಎಂದೇ ಕರೆಯುತ್ತ ಬಂದ ಕಾರಣವನ್ನು ಹೇಳಿದೆ. ಬಹಳ ಹೊತ್ತು ಕಾಗದವನ್ನು ಬೆರಳಿನಿಂದ ಸವರಿ ಅವರು ಹೇಳಿದ ಮಾತಿನ ಸಾರ ಇಷ್ಟು: ‘ದೋಣಿ ನಮ್ಮದೇ ಆಗಿತ್ತು ಮಾಷ್ಟ್ರೇ. ಅದರಲ್ಲಿ ಅನ್ನ ಬೇಯಿಸುತ್ತಿದ್ದವ ನಾನು. ಹಿಂಬದಿಯ ಒಳಹಲಗೆಯಲ್ಲಿ ಒಲೆಯ ಬೆಂಕಿಗೆ ಸುಟ್ಟ ಕಲೆ ಒಂದಿತ್ತು, ಅಂಗೈಯಷ್ಟು. ಆ ದಿನ ತೋಟದಲ್ಲಿ ಅದನ್ನು ನಾನು ನೋಡಿದ್ದೇನೆ.’

‘ಹಾಗಾದರೆ ಹೇಳಲಿಲ್ಲವೇಕೆ ಕಾಕ?’ ಎಂದೆ.

‘ನಮ್ಮನ್ನು ಯಾರು ಕೇಳಿದರು? ಚೀಟಿಯಲ್ಲಿ ಹೆಸರಿದ್ದವರನ್ನು ಮಾತ್ರ ಕೇಳಿದರು. ಹೆಸರಿಲ್ಲದವರು ನಡುವೆ ಬಾಯಿ ಹಾಕಬಾರದು ಅಂತ ತಂದೆಯವರು ನನ್ನ ಕೈ ಹಿಡಿದು ಹಿಂದೆ ಎಳೆದರು. ಗೊತ್ತಿರುವುದು ಬೇರೆ, ತೋರಿಸಲಿಕ್ಕೆ ಆಗುವುದು ಬೇರೆ ಅಲ್ವಾ ಮಾಷ್ಟ್ರೇ?’

ಅವರ ತಂದೆ ಆಮೇಲೆ ಹಂಚಿನ ಕಾರ್ಖಾನೆಯೊಂದರಲ್ಲಿ ಮಣ್ಣು ಹೊರುವ ಕೂಲಿಗೆ ಹೋದರು. ಅಜ್ಜನಿಗೆ ಅಂಗಡಿಯಿತ್ತು, ಅವರಿಗೆ ದೋಣಿಯ ಹೊರತು ಬೇರೇನೂ ಇರಲಿಲ್ಲ. ಅಜ್ಜನ ಸತ್ಯನಿಷ್ಠೆಯ ಬೆಲೆಯಲ್ಲಿ ಅರ್ಧವನ್ನು, ಅಲ್ಲ, ಅರ್ಧಕ್ಕಿಂತ ಹೆಚ್ಚನ್ನು ತೆತ್ತವರು ಆ ಮನೆಯವರು ಎಂಬುದು ನನಗೆ ಅಂದು ಗೊತ್ತಾಯಿತು. ಅಜ್ಜ ಅವರನ್ನೊಮ್ಮೆ ಕೇಳಬಹುದಾಗಿತ್ತು. ಕೇಳಲಿಲ್ಲ.

ದೋಣಿಗೆ ಒಂದು ನಂಬರೂ ಆ ನಂಬರಿಗೆ ಒಂದು ಪುಸ್ತಕವೂ ಇದ್ದಿದ್ದರೆ ಈ ದುಃಖವೇ ಇರುತ್ತಿರಲಿಲ್ಲ ಎಂದು ಯಾರಿಗೂ ತೋರುತ್ತದೆ. ಬೇರೆ ನಾಡುಗಳಲ್ಲಿ ಹಾಗೆಯೇ ಮಾಡಿಕೊಂಡಿದ್ದಾರೆ. ಅಮೆರಿಕದಲ್ಲಿ ೧೯೫೮ರಲ್ಲಿ ಒಂದು ಕಾಯಿದೆಯನ್ನು ಮಾಡಿ, ಯಂತ್ರ ಕಟ್ಟಿದ ಸಣ್ಣ ದೋಣಿಗಳಿಗೆ ನಂಬರು ಕೊಡುವ ಕೆಲಸವನ್ನು ಆಯಾ ಸಂಸ್ಥಾನಗಳಿಗೆ ವಹಿಸಿದರು. ಸಂಸ್ಥಾನದ ಎರಡಕ್ಷರದಿಂದ ತೊಡಗುವ ನಂಬರನ್ನು ಮೂರಂಗುಲಕ್ಕೆ ಕಡಿಮೆಯಿಲ್ಲದ ಅಕ್ಷರಗಳಲ್ಲಿ ದೋಣಿಯ ಮೂತಿಯ ಎರಡೂ ಕಡೆ ಬರೆಯಬೇಕು. ೧೯೭೨ರಿಂದೀಚೆಗೆ ಕಟ್ಟುವವನೇ ದೋಣಿಯ ಒಡಲಿನ ಮೇಲೆ ಹನ್ನೆರಡು ಅಕ್ಷರ ಅಂಕಿಗಳ ಗುರುತನ್ನು ಕೊರೆದು ಕೊಡುತ್ತಾನೆ. ಅನೇಕ ಸಂಸ್ಥಾನಗಳಲ್ಲಿ ಮೋಟಾರು ಕಾರಿಗೆ ಇರುವಂತೆ ದೋಣಿಗೂ ಒಡೆತನದ ಪತ್ರ ಬೇರೆ, ನೋಂದಣಿ ಬೇರೆ. ಹಳೆಯ ದೋಣಿಯನ್ನು ಕೊಳ್ಳುವವನು ಆ ಗುರುತನ್ನು ಹೇಳಿ, ದೋಣಿ ಕದ್ದದ್ದೇ, ಅದರ ಮೇಲೆ ಬ್ಯಾಂಕಿನ ಸಾಲವಿದೆಯೇ ಎಂದು ವಿಚಾರಿಸಿಕೊಳ್ಳುತ್ತಾನೆ. ಹಲಗೆ ಎಷ್ಟು ಸಲ ಬದಲಾದರೂ ಒಡಲಿನ ಗುರುತು ಬದಲಾಗದು.

ಅದೇ ೧೯೫೮ರಲ್ಲಿ ನಮ್ಮ ಪಾರ್ಲಿಮೆಂಟೂ ವ್ಯಾಪಾರ ನೌಕೆಗಳ ಕಾಯಿದೆಯನ್ನು ಮಾಡಿತೆಂಬುದು ಒಂದು ಸೋಜಿಗ. ಇಂಗ್ಲಿಷರ ೬೪ ಪಾಲಿನ ಲೆಕ್ಕವನ್ನು ಬಿಟ್ಟು ಹಡಗಿಗೆ ಹತ್ತು ಪಾಲು ಎಂದು ಅದು ಗೊತ್ತುಮಾಡಿತು. ಹಾಯಿಹಡಗುಗಳಿಗೂ ನೋಂದಣಿಯನ್ನು ವಿಧಿಸಿತು. ೧೯೮೩ರ ತಿದ್ದುಪಡಿಯಿಂದ ಮೀನುಗಾರಿಕೆಯ ದೋಣಿಗಳಿಗೆ ಅದರಲ್ಲಿ ಪ್ರತ್ಯೇಕ ಭಾಗವೇ ಸೇರಿತು. ನಮ್ಮ ರಾಜ್ಯದ ಸಮುದ್ರ ಮೀನುಗಾರಿಕೆ ನಿಯಂತ್ರ‌ಣ ಕಾಯಿದೆ ೧೯೮೬ರಲ್ಲಿ ಬಂತು. ೨೦೦೮ರ ನವೆಂಬರಿನಲ್ಲಿ ಮುಂಬಯಿಯ ಮೇಲೆ ದಾಳಿ ಮಾಡಿದವರು ‘ಕುಬೇರ’ ಎಂಬ ಮೀನುಗಾರಿಕೆಯ ದೋಣಿಯನ್ನು ಅಪಹರಿಸಿ ಬಂದವರಾದುದರಿಂದ, ಅನಂತರ ದೇಶಕ್ಕೆಲ್ಲ ಒಂದೇ ಬಗೆಯ ನೋಂದಣಿಯನ್ನು ಬಿಗಿಯಾಗಿ ಜಾರಿಗೆ ತಂದರು. ಮಂಗಳೂರು, ಮಲ್ಪೆಗಳ ದೋಣಿಗಳ ಮೇಲೆ ಇಂದು ದೇಶದ ಹೆಸರು, ರಾಜ್ಯದ ಹೆಸರು, ಅಂಕಿ ಎಲ್ಲವೂ ದಪ್ಪಕ್ಷರಗಳಲ್ಲಿ ಕಾಣುತ್ತವೆ. ೧೯೫೮ರ ಕಾಯಿದೆಯ ಜಾಗಕ್ಕೆ ೨೦೨೫ರಲ್ಲಿ ಹೊಸ ಕಾಯಿದೆಯನ್ನು ಪಾರ್ಲಿಮೆಂಟು ಅಂಗೀಕರಿಸಿತು.

ನಂಬರಿನಿಂದ ಎಲ್ಲವೂ ಆಗುವುದೆಂದಲ್ಲ. ೨೦೧೮ರ ಡಿಸೆಂಬರಿನಲ್ಲಿ ಮಲ್ಪೆಯಿಂದ ಹೊರಟ ‘ಸುವರ್ಣ ತ್ರಿಭುಜ’ ಎಂಬ ದೋಣಿ ಏಳು ಮಂದಿ ಮೀನುಗಾರರೊಡನೆ ಕಾಣೆಯಾಯಿತು. ಅದಕ್ಕೆ ನೋಂದಣಿಯೂ ಇತ್ತು, ನಂಬರೂ ಇತ್ತು. ೨೦೧೯ರ ಮೇ ತಿಂಗಳಲ್ಲಿ ಮಾಲ್ವಣದ ಕಡಲಿನ ತಳದಲ್ಲಿ ಅದರ ಅವಶೇಷವನ್ನು ನೌಕಾಪಡೆ ಪತ್ತೆಹಚ್ಚಿತು. ಹೋದವರು ಬರಲಿಲ್ಲ. ಆದರೂ ಮುಳುಗಿದ ದೋಣಿ ಯಾವುದು ಎಂದು ಹೇಳಬಹುದಾಯಿತು. ನಾಲ್ಕೂವರೆ ತಿಂಗಳು ದಾರಿ ನೋಡಿದ ಮನೆಗಳಿಗೆ ಅಷ್ಟಾದರೂ ನಿಶ್ಚಯ ದೊರೆಯಿತು.

ನೇತ್ರಾವತಿಯ ಕಡೆಗೆ ತಿರುಗೋಣ. ಹೊಳೆಯ ಸಾಗಾಣಿಕೆಯನ್ನು ಲಾರಿ ನುಂಗಿತು. ಸೇತುವೆಗಳಾದಂತೆ ಕಡವುಗಳು ಒಂದೊಂದಾಗಿ ನಿಂತುವು. ಇಂದು ಹೊಳೆಯಲ್ಲಿ ದೋಣಿಯೆಂದರೆ ಹೆಚ್ಚಾಗಿ ಮರಳಿನ ದೋಣಿ. ಅನುಮತಿಯಿಲ್ಲದೆ ಮರಳು ತೆಗೆಯುವಾಗ ಅಧಿಕಾರಿಗಳು ಹಿಡಿದ ದೋಣಿಗಳ ಸುದ್ದಿಯನ್ನು ಪತ್ರಿಕೆಗಳಲ್ಲಿ ನಾವು ಓದುತ್ತಲೇ ಇರುತ್ತೇವೆ. ಅಂದು ಒಂದು ದೋಣಿಗೆ ಇಬ್ಬರು ಒಡೆಯರು ಎದ್ದುನಿಂತರು. ಇಂದು ಹಿಡಿದ ದೋಣಿಗೆ ಒಡೆಯನೇ ಮುಂದೆ ಬರುವುದಿಲ್ಲ. ಗುರುತಿಲ್ಲದಿರುವುದು ಒಮ್ಮೆ ಬಡವನಿಗೆ ಶಾಪ, ಇನ್ನೊಮ್ಮೆ ಬಲ್ಲವನಿಗೆ ವರ.

ಇದರ ನಡುವೆ ೨೦೧೬ರಲ್ಲಿ ದೇಶದ ೧೧೧ ಜಲಮಾರ್ಗಗಳನ್ನು ರಾಷ್ಟ್ರೀಯ ಜಲಮಾರ್ಗಗಳೆಂದು ಸಾರಿದ ಕಾಯಿದೆಯಲ್ಲಿ ನಮ್ಮ ಹೊಳೆಯೂ ಸೇರಿಕೊಂಡಿತು. ಧರ್ಮಸ್ಥಳದಿಂದ ಬೆಂಗ್ರೆಯ ಅಳಿವೆಯವರೆಗಿನ ೭೮ ಕಿಲೋಮೀಟರು ನೇತ್ರಾವತಿ ೭೪ನೆಯ ರಾಷ್ಟ್ರೀಯ ಜಲಮಾರ್ಗ. ದಾರಿಯಲ್ಲಿ ಶಂಭೂರಿನ ಅಣೆಕಟ್ಟೂ ಮಂಗಳೂರಿಗೆ ಕುಡಿಯುವ ನೀರು ಕೊಡುವ ತುಂಬೆಯ ಅಣೆಕಟ್ಟೂ ಇವೆ ಎಂಬುದನ್ನು ದೋಣಿಗಳು ಮರೆಯುವಂತಿಲ್ಲ! ಇರಲಿ. ನನಗೆ ಮುಖ್ಯವೆನಿಸಿದುದು ೨೦೨೧ರ ಒಳನಾಡ ನೌಕೆಗಳ ಕಾಯಿದೆ. ೧೯೧೭ರ ಕಾಯಿದೆಯನ್ನು ತೆಗೆದುಹಾಕಿ, ದೇಶಕ್ಕೆಲ್ಲ ಒಂದೇ ನೋಂದಣಿಯನ್ನೂ ಅದಕ್ಕೊಂದು ಕೇಂದ್ರ ದಾಖಲೆಯನ್ನೂ ಅದು ವಿಧಿಸಿದೆ. ಅಷ್ಟೇ ಅಲ್ಲ, ಯಂತ್ರವಿಲ್ಲದ ದೋಣಿಗಳ ಹೆಸರನ್ನೂ ಜಿಲ್ಲೆ, ತಾಲೂಕು, ಪಂಚಾಯತಿಗಳ ಮಟ್ಟದಲ್ಲಿ ಬರೆದಿಡಬೇಕೆಂದು ಹೇಳುತ್ತದೆ. ನೂರ ನಾಲ್ಕು ವರ್ಷಗಳ ತರುವಾಯ ಗಳದ ದೋಣಿ ಸರಕಾರದ ಕಣ್ಣಿಗೆ ಬಿತ್ತು. ಅಜ್ಜನ ದೋಣಿ ಈಗ ಇದ್ದಿದ್ದರೆ ಅದಕ್ಕೂ ಒಂದು ಸಾಲು ದೊರೆಯುತ್ತಿತ್ತು.

ಇದನ್ನು ಸಂತೋಷದಿಂದಲೇ ಬರೆಯುತ್ತಿದ್ದೇನೆ. ಆದರೂ ಒಂದು ಸಂಶಯ ಬಿಡದು. ೧೯೬೧ರಲ್ಲಿಯೇ ಅಂತಹ ಪುಸ್ತಕವಿದ್ದಿದ್ದರೆ ಅದರಲ್ಲಿ ಯಾರ ಹೆಸರು ಇರುತ್ತಿತ್ತು? ನಿಸ್ಸಂದೇಹವಾಗಿ ಅಜ್ಜನದು. ಹಣ ಕೊಟ್ಟವರು ಅವರು, ಸಹಿ ಬಲ್ಲವರು ಅವರು, ಕಚೇರಿಯ ಮೆಟ್ಟಿಲು ಹತ್ತಬಲ್ಲವರು ಅವರು. ನೆರೆಯಲ್ಲಿ ಹೋದ ದೋಣಿ ನಂಬರಿನ ಬಲದಿಂದ ಮರಳಿ ಬರುತ್ತಿತ್ತು. ಆದರೆ ಬರುವಾಗ ಅಜ್ಜನೊಬ್ಬರ ದೋಣಿಯಾಗಿ ಬರುತ್ತಿತ್ತು. ಇನ್ನೊಂದು ಮನೆಯ ಅರ್ಧ ಪಾಲು ಅಜ್ಜನ ಸೌಜನ್ಯವನ್ನು ನಂಬಿಕೊಂಡು ಬದುಕಬೇಕಾಗಿತ್ತು. ಪುಸ್ತಕ ಸುಳ್ಳು ಹೇಳುವುದಿಲ್ಲ ನಿಜ. ಆದರೆ ಮೊದಲು ಬರೆಸಿದವನ ಸತ್ಯವನ್ನೇ ಕೊನೆಯವರೆಗೂ ಹೇಳುತ್ತದೆ. ಆದುದರಿಂದ ಪಂಚಾಯತಿಯವರು ಈ ಪುಸ್ತಕವನ್ನು ತೆರೆಯುವಾಗ ಒಡೆಯನ ಹೆಸರನ್ನು ಬರೆದುಕೊಂಡು ಮುಗಿಸಬಾರದು. ದೋಣಿಯನ್ನು ನಡೆಸುವವರು ಯಾರು, ಅವರಿಗೆ ಪಾಲುಂಟೇ ಎಂದು ದಂಡೆಗೆ ಹೋಗಿ ಒಂದು ಮಾತು ಕೇಳಬೇಕು. ದೊಡ್ಡ ಹಡಗಿಗೆ ಹತ್ತು ಪಾಲುಗಳನ್ನು ಗುರುತಿಸಿದ ಕಾನೂನಿಗೆ ಸಣ್ಣ ದೋಣಿಯಲ್ಲಿ ಎರಡನ್ನು ಗುರುತಿಸುವುದು ಭಾರವಾಗದು.

ಕೊನೆಗೆ ಭಾಷೆಯ ಮಾತೊಂದನ್ನು ಹೇಳಿ ಮುಗಿಸುತ್ತೇನೆ. ಕನ್ನಡದ ಮೇಷ್ಟರಿಗೆ ಅಷ್ಟು ಚಪಲ ಸಹಜ. ಕನ್ನಡದಲ್ಲಿ ‘ನಮ್ಮ ದೋಣಿ’ ಎಂದರೆ ಕೇಳುವವನೂ ಅದರಲ್ಲಿ ಸೇರಿದ್ದಾನೋ ಇಲ್ಲವೋ ತಿಳಿಯದು. ತುಳುವಿನಲ್ಲಿ ಹಾಗಲ್ಲ. ಕೇಳುವವನನ್ನು ಬಿಟ್ಟು ಹೇಳುವುದಾದರೆ ‘ಎಂಕ್ಲೆನ’. ಅವನನ್ನೂ ಸೇರಿಸಿಕೊಂಡು ಹೇಳುವುದಾದರೆ ‘ನಮ್ಮ’. ನಾವಿಬ್ಬರೂ ಅಂದು ಮಾತಾಡಿದುದು ತುಳುವಿನಲ್ಲಿ. ನಾನು ಕಾಗದವನ್ನು ಮಡಚಿ ಏಳುವಾಗ ಕಾಕ ಅಂಗಳದವರೆಗೆ ಬಂದರು. ಅಲ್ಲಿಂದ ಹಳೆಯ ಸೇತುವೆಯೂ ಅದರ ಕೆಳಗಿನ ನೀರೂ ಕಾಣುತ್ತಿದ್ದುವು. ಆ ಕಡೆಗೆ ಕೈ ತೋರಿಸಿ, ದೋಣಿಯನ್ನು ಕಟ್ಟುತ್ತಿದ್ದುದು ಅಲ್ಲಿಯೇ ಎಂದರು. ಐವತ್ತು ವರ್ಷಗಳ ಮೇಲೆ, ಕಾಗದದಲ್ಲಿ ತನ್ನ ತಂದೆಯ ಹೆಸರಿಲ್ಲದುದನ್ನು ಆಗಷ್ಟೇ ಕಣ್ಣಾರೆ ಕಂಡ ಮೇಲೆಯೂ, ಅವರ ಬಾಯಿಂದ ಬಂದ ಮಾತು ‘ಎಂಕ್ಲೆನ ಓಡ’ ಅಲ್ಲ, ‘ನಮ್ಮ ಓಡ’.

ನಾನು ಆ ಛಾಪಾ ಕಾಗದವನ್ನು ಮನೆಗೆ ತಂದು ಮತ್ತೆ ಪೆಟ್ಟಿಗೆಯಲ್ಲಿ ಇಟ್ಟಿದ್ದೇನೆ. ಅಜ್ಜನ ದಿನವಹಿಯ ಆ ಹಾಳೆಗಳನ್ನು ಮಾತ್ರ ನಕಲು ತೆಗೆಸಿ ಪಾಣೆಮಂಗಳೂರಿಗೆ ಕೊಟ್ಟು ಬಂದೆ. ಅದರಿಂದ ಯಾರಿಗೂ ದೋಣಿ ಮರಳಿ ಬಾರದು. ಆದರೆ ಪಾಲನ್ನು ಬರೆದ ಒಂದು ಕಾಗದ, ತಡವಾಗಿಯಾದರೂ, ಪಾಲುಗಾರರ ಮನೆಯಲ್ಲಿ ಇರಬೇಕಾದುದೇ ನ್ಯಾಯವೆಂದು ತೋರಿತು.